ಪ್ರತಿಕ್ರಿಯೆ: ಮುಂಬೈ ಲೋಕಲ್ ರೈಲಿನ ಟಿಸಿಗೆ (ಟಿಕೆಟ್ ತಪಾಸಕರಿಗೆ) ಬಂಧಿಸುವ ಅಧಿಕಾರ ಇದೆಯೇ?

ದಾದರ್‌ನಲ್ಲಿ ಟಿಕೆಟ್ ಇಲ್ಲದೆ ಸಿಕ್ಕರೆ ಟಿಸಿ ಬಂಧಿಸಬಹುದೇ, ದಂಡ ಕಟ್ಟುವವರೆಗೆ ಮೊಬೈಲ್ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೀರಿ. ಎರಡೂ ಆಗದು.

1989ರ ರೈಲ್ವೆ ಕಾಯ್ದೆಯ 54ನೇ ಕಲಂ ಪ್ರಕಾರ ಟಿಸಿ ಕೇಳಿದಾಗ ಟಿಕೆಟ್ ತೋರಿಸಲೇಬೇಕು. ಇಲ್ಲದಿದ್ದರೆ 138ನೇ ಕಲಂ: ಪ್ರಯಾಣದ ದರ, ಅದರ ಮೇಲೆ ಅಷ್ಟೇ ಮೊತ್ತ ಅಥವಾ 250 ರೂಪಾಯಿ, ಯಾವುದು ಹೆಚ್ಚೋ ಅದು. ಎಲ್ಲಿ ಹತ್ತಿದಿರಿ ಎಂಬುದಕ್ಕೆ ಪುರಾವೆ ಇಲ್ಲದಿದ್ದರೆ ಗಾಡಿ ಹೊರಟ ಸ್ಟೇಷನ್‌ನಿಂದಲೇ ದರ ಹಿಡಿಯುತ್ತಾರೆ. ಹೆಚ್ಚು ಜನ ಜಗಳಕ್ಕೆ ಬೀಳುವುದು ಇಲ್ಲೇ. ಮೊಬೈಲ್ ಟಿಕೆಟ್‌ನ ಸ್ಕ್ರೀನ್‌ಶಾಟ್ ನಡೆಯದು. ಬ್ಯಾಟರಿ ಸತ್ತರೂ ಟಿಕೆಟ್ ಇಲ್ಲದ ಲೆಕ್ಕವೇ.

ಹಣ ಕೊಟ್ಟರೆ ರಸೀದಿ ಪಡೆಯದೆ ಕದಲಬೇಡಿ. ನೀವು ಹಣ ಕೊಡದಿದ್ದರೆ ರೈಲ್ವೆಯವರು ವಸೂಲಿಗೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕುವುದು ಕಾನೂನಿನ ದಾರಿ. ಫೋನನ್ನು ಒತ್ತೆ ಇಟ್ಟುಕೊಳ್ಳಲು ಕಾಯ್ದೆಯಲ್ಲಿ ಅವಕಾಶವೇ ಇಲ್ಲ. ಟಿಕೆಟ್ ವಂಚನೆಗೆ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ 179ನೇ ಕಲಂ ಅಡಿ ಅಧಿಸೂಚಿತ ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ಅಧಿಕಾರಿಗೆ ಇದೆ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ದಂಡ ಕಟ್ಟದಿದ್ದರೂ, ಜೊತೆಯಲ್ಲಿ ಗಂಡಸರಿಲ್ಲದ ಹೆಂಗಸರನ್ನು, ಮಕ್ಕಳನ್ನು ಸಿಕ್ಕ ಸ್ಟೇಷನ್‌ನಲ್ಲೆಲ್ಲ ಇಳಿಸುವಂತಿಲ್ಲ. ಅವರು ಹತ್ತಿದ ಸ್ಟೇಷನ್, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ, ಅದೂ ಹಗಲಲ್ಲಿ ಮಾತ್ರ. ಈ ನಿಯಮವನ್ನು ಮನೆಯವರಿಗೂ ತಿಳಿಸಿಡಿ.

ಬೊರಿವಲಿ ನ್ಯಾಷನಲ್ ಪಾರ್ಕಿನ ಅರಣ್ಯ ಗಾರ್ಡ್ ಬಂಧಿಸಬಹುದೇ ಎಂದೂ ಕೇಳಿದ್ದೀರಿ; ಆ ವಿಚಾರ ಬೇರೆ. 1927ರ ಅರಣ್ಯ ಕಾಯ್ದೆಯ 64ನೇ ಕಲಂ ಪ್ರಕಾರ, ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಜೈಲು ಶಿಕ್ಷೆಯ ಅರಣ್ಯ ಅಪರಾಧದ ಸಮಂಜಸ ಅನುಮಾನವಿದ್ದರೆ ಅರಣ್ಯಾಧಿಕಾರಿ ವಾರಂಟ್ ಇಲ್ಲದೆ ಬಂಧಿಸಬಹುದು. ಅಲ್ಲಿ ವಾದ ಬೆಳೆಸಬೇಡಿ.