ಸುತ್ತೋಲೆ ಬೇಡ, ಕರೆದು ಮಾತನಾಡಿ

ಓದುಗರ ಪತ್ರ: ನನ್ನ ವಿಭಾಗದ ತರುಣನೊಬ್ಬ ಕೆಲಸದಲ್ಲಿ ಚುರುಕು. ಆದರೆ ಅವನ ಬೆವರಿನ ವಾಸನೆ ಸಹಿಸಲಾಗುತ್ತಿಲ್ಲವೆಂದು ಉಳಿದವರ ದೂರು. ನೇರವಾಗಿ ಹೇಳಿದರೆ ನೊಂದುಕೊಳ್ಳುತ್ತಾನೆ. ಸ್ವಚ್ಛತೆಯ ಬಗ್ಗೆ ಎಲ್ಲರಿಗೂ ಅನ್ವಯಿಸುವ ಸುತ್ತೋಲೆ ಹೊರಡಿಸಲೇ?

ಸಂಪಾದಕರ ಉತ್ತರ: ಖಂಡಿತ ಬೇಡ. ಗೋಡೆಗೆ ಅಂಟಿಸುವ ಮೊದಲು ಕೇಳಿದಿರಲ್ಲ, ಅಷ್ಟು ವಿವೇಕ ಎಷ್ಟೋ ಮೇಲಧಿಕಾರಿಗಳಿಗೆ ಇರುವುದಿಲ್ಲ. ಆದರೂ ಅವನು ನೊಂದುಕೊಳ್ಳುತ್ತಾನೆಂಬ ಅಳುಕಿನಲ್ಲಿ ನಿಮ್ಮ ಸ್ವಂತ ಸಂಕೋಚದ ಪಾಲು ಎಷ್ಟೆಂದು ನೋಡಿಕೊಳ್ಳಿ. ಸುತ್ತೋಲೆ ಯಾರಿಗೆಂದು ಇಡೀ ವಿಭಾಗ ಊಹಿಸುತ್ತದೆ, ಅವನೊಬ್ಬನಿಗೆ ತಿಳಿಯದೆ ಹೋಗಬಹುದು. ಸದಾ ಜೊತೆಗಿರುವ ವಾಸನೆಗೆ ಮೂಗು ಒಗ್ಗಿಬಿಡುತ್ತದೆ.

ಪಕ್ಕದಲ್ಲಿ ಕೂರುವವರ ಕಷ್ಟ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ದೂರು ಹೇಳಿಕೊಳ್ಳಲು ಅವರಿಗೆ ನೀವಿದ್ದೀರಿ. ಅವನಿಗೆ ಯಾರಿದ್ದಾರೆ?

ನಾನು ಬಲ್ಲ ಕಚೇರಿಯೊಂದರಲ್ಲಿ ಕರಡು ತಿದ್ದುವ ಹಿರಿಯರ ಮೇಜಿನ ಮೇಲೆ ಯಾರೋ ಗುಟ್ಟಾಗಿ ಸೋಪು ಇಟ್ಟರು. ಅವರು ಅದನ್ನು ಖಾನೆಗೆ ಸರಿಸಿ ಸಂಜೆಯವರೆಗೂ ಕೆಲಸ ಮಾಡಿದರು. ಮರುದಿನದಿಂದ ಊಟಕ್ಕೆ ಯಾರೊಂದಿಗೂ ಕೂರಲಿಲ್ಲ. ಇಟ್ಟವರು ಯಾರೆಂದು ತಿಳಿಯದ್ದರಿಂದ ಎಲ್ಲರೂ ಇಟ್ಟಂತಾಯಿತು. ಇನ್ನೊಂದು ಕಡೆ ಮೇಲ್ವಿಚಾರಕಿಯೊಬ್ಬರು ಬಾಗಿಲು ಮುಚ್ಚಿ ನಾಲ್ಕು ಮಾತು ಹೇಳಿದರು. ಬಟ್ಟೆ ಒಣಗಿಸಲು ಆ ನೌಕರನಿಗೆ ಗಾಳಿಯಾಡದ ಒಂದು ಕೋಣೆ ಬಿಟ್ಟರೆ ಬೇರೆ ಜಾಗವಿರಲಿಲ್ಲ ಎಂಬುದು ಆಗ ತಿಳಿಯಿತು.

ವಾಸನೆ ಬಂದರೆ ಸ್ನಾನ ಮಾಡಿಲ್ಲವೆಂದು ತೀರ್ಮಾನಿಸುವವರೇ ಹೆಚ್ಚು. ಆಗತಾನೇ ಒಸರಿದ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇರುವುದಿಲ್ಲ. ಕಂಕುಳಿನ ಗ್ರಂಥಿಗಳ ಸ್ರಾವವನ್ನು ಚರ್ಮದ ಬ್ಯಾಕ್ಟೀರಿಯಾಗಳು ಒಡೆದಾಗ ಅದು ಹುಟ್ಟುತ್ತದೆ. ಅದು ಎಷ್ಟು ಗಾಢ ಎಂಬುದರಲ್ಲಿ ಎಬಿಸಿಸಿ11 ಎಂಬ ವಂಶವಾಹಿಯ ಪಾತ್ರವೂ ಇದೆ. ಟ್ರೈಮೀಥೈಲಮಿನೂರಿಯ ಎಂಬ ಅಪರೂಪದ ತೊಂದರೆಯಿದ್ದವರು ಎಷ್ಟು ಮಿಂದರೂ ಮೈಯಿಂದ ಮೀನಿನಂಥ ವಾಸನೆ ಬರುತ್ತಲೇ ಇರುತ್ತದೆ. ಆದ್ದರಿಂದ ಕಾರಣವನ್ನು ನೀವು ಊಹಿಸಬೇಡಿ, ಕಾಯಿಲೆಯನ್ನು ಕೆದಕಬೇಡಿ.

ಕೆಲಸ ಮುಗಿಯುವ ಹೊತ್ತಿಗೆ ಕರೆಯಿರಿ. ಕೇಳಿದ ಮೇಲೆ ದಿನವಿಡೀ ಎಲ್ಲರ ನಡುವೆ ಕೂರುವ ಶಿಕ್ಷೆ ತಪ್ಪುತ್ತದೆ. 'ಎಲ್ಲರೂ ಹೇಳುತ್ತಿದ್ದಾರೆ' ಎನ್ನಬೇಡಿ. 'ನಿಮ್ಮಿಂದ ಬೆವರಿನ ವಾಸನೆ ಬರುತ್ತಿದೆ. ನಿಮ್ಮ ಗಮನಕ್ಕೆ ಬಂದಿರಲಾರದು, ಅದಕ್ಕೇ ಹೇಳುತ್ತಿದ್ದೇನೆ' ಎಂದರೆ ಸಾಕು. ಉಪನ್ಯಾಸ ಬೇಡ. ಅವನು ಏನಾದರೂ ಹೇಳಿಕೊಂಡರೆ ಕೇಳಿಸಿಕೊಳ್ಳಿ.

ಮೈವಾಸನೆಗೆ ಇಷ್ಟೊಂದು ಅವಮಾನ ಅಂಟಿದ್ದರಲ್ಲಿ ಪತ್ರಿಕೆಗಳ ಪಾಲೂ ಇದೆ ಎಂಬುದು ನನ್ನನ್ನು ಕಾಡುತ್ತದೆ. 1919ರಲ್ಲಿ ಅಮೆರಿಕದ 'ಲೇಡೀಸ್ ಹೋಮ್ ಜರ್ನಲ್' ಓಡೊರೊನೊ ಎಂಬ ಬೆವರು ತಡೆಯುವ ದ್ರವದ ಜಾಹೀರಾತು ಹಾಕಿತು. ನಿಮ್ಮ ವಾಸನೆ ನಿಮಗೇ ತಿಳಿಯದೆ ಇತರರು ದೂರ ಸರಿಯಬಹುದು ಎಂದು ಹೆಂಗಸರನ್ನು ಹೆದರಿಸುವ ಜಾಹೀರಾತು ಅದು. ಸಿಟ್ಟಾದ ಓದುಗರು ಚಂದಾ ನಿಲ್ಲಿಸಿದರು. ಓಡೊರೊನೊ ಮಾರಾಟವಂತೂ ಏರಿತು. ಮುಂದಿನ ದಶಕದಲ್ಲಿ ಲಿಸ್ಟರಿನ್ ಎಂಬ ಬಾಯಿ ಮುಕ್ಕಳಿಸುವ ದ್ರವದ ಜಾಹೀರಾತು ಬಾಯಿವಾಸನೆಯನ್ನು ಹಿಡಿದುಕೊಂಡು ಅದೇ ಹಾದಿ ತುಳಿಯಿತು. ಇಂಥ ಭಯವನ್ನು ಮಾರಿಕೊಂಡು ಬಂದ ಲೋಕ ಕಾರ್ಮಿಕನಿಗೆ ಕೈಕಾಲು ತೊಳೆಯಲು ಜಾಗ ಕೊಡಲು ಮಾತ್ರ ಹಿಂದೆಮುಂದೆ ನೋಡುತ್ತದೆ. ತೆರೆಯಲಾಗದ ಕಿಟಕಿಗಳ ಕಟ್ಟಡ ಕಟ್ಟುತ್ತಾರೆ, ಹತ್ತಿಗಿಂತ ಹೆಚ್ಚು ನಾರುವ ಪಾಲಿಯೆಸ್ಟರ್ ಸಮವಸ್ತ್ರ ತೊಡಿಸುತ್ತಾರೆ, ಆಮೇಲೆ ಸ್ವಚ್ಛತೆಯ ಸುತ್ತೋಲೆ ಬರೆಯುತ್ತಾರೆ.

ನಿಮ್ಮಲ್ಲೂ ಸಮವಸ್ತ್ರವಿದ್ದರೆ, ಅವನಿಗೆ ಎಷ್ಟು ಜೊತೆ ಕೊಟ್ಟಿದ್ದೀರೆಂದು ಅವನನ್ನು ಕರೆಯುವ ಮೊದಲು ಕಡತ ತೆಗೆದು ನೋಡಿ. ಒಂದೇ ಇದ್ದರೆ ಮೊದಲು ಎರಡನೆಯದಕ್ಕೆ ಬರೆಯಿರಿ.