ವೋಲ್ಟೇಜ್, ಕರೆಂಟಿನಿಂದ ರೆಸಿಸ್ಟೆನ್ಸ್ ಮತ್ತು ವ್ಯಾಟ್ ಲೆಕ್ಕ ಹಾಕೋದು ಹೇಗೆ? ಚಿಂತಾಮಣಿ ಕಡೆಯ ನಮ್ಮ ಹಳ್ಳಿಯಲ್ಲಿ ವೋಲ್ಟೇಜ್ ಇಳಿದಾಗ ಹೀಟರ್ ಕಾಯಿಲ್ ಯಾಕೆ ಅಷ್ಟೊಂದು ನಿಧಾನ?

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಓಮ್ ಲೆಕ್ಕದಲ್ಲಿ. ಎರಡನ್ನೂ ಗುಣಿಸಿದರೆ ಪವರ್, ವ್ಯಾಟ್ ಲೆಕ್ಕದಲ್ಲಿ.

ನಿಮ್ಮ ಕಾಯಿಲ್ 230 ವೋಲ್ಟ್‌ನಲ್ಲಿ 6.5 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. 230 ಭಾಗಿಸು 6.5, ಅಂದರೆ ಸುಮಾರು 35 ಓಮ್. 230 ಗುಣಿಸು 6.5, ಹತ್ತಿರ ಹತ್ತಿರ 1500 ವ್ಯಾಟ್. ಡಬ್ಬದ ಮೇಲೆ ಬರೆದಿರುವುದೂ ಇದೇ ಅಲ್ವಾ?

ಈಗ ಸಂಜೆ ವೋಲ್ಟೇಜ್ 180ಕ್ಕೆ ಇಳಿಯಿತು. ಕಾಯಿಲ್‌ನೊಳಗಿನ ತಂತಿ ಅದೇ, ಹಾಗಾಗಿ ಓಮ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಆದರೆ ತಳ್ಳುವ ಒತ್ತಡ ಕಡಿಮೆಯಾದ್ದರಿಂದ ಕರೆಂಟೂ ಸುಮಾರು 5.1 ಆಂಪಿಯರ್‌ಗೆ ಇಳಿಯುತ್ತದೆ. ಗುಣಿಸುವ ಎರಡು ಸಂಖ್ಯೆಗಳೂ ಇಳಿದವು ನೋಡಿ. ಪವರ್ ಬರೀ 920 ವ್ಯಾಟ್ ಆಸುಪಾಸು. ವೋಲ್ಟೇಜ್ ಕಾಲು ಭಾಗವೂ ಇಳಿದಿಲ್ಲ, ಬಿಸಿ ಮಾತ್ರ ಸುಮಾರು ಶೇ. 39 ಕಡಿಮೆ! 20 ನಿಮಿಷದಲ್ಲಿ ಕಾಯುತ್ತಿದ್ದ ನೀರಿಗೆ ಅರ್ಧ ಗಂಟೆ ದಾಟುವುದು ಇದಕ್ಕೇ.

ಬೋರ್‌ವೆಲ್ ಮೋಟರಿಗೆ ಈ ಲೆಕ್ಕ ಸುಮ್ನೆ ಹಾಕಬೇಡಿ. ಲೋಡ್ ಇರುವ ಮೋಟರು ವೋಲ್ಟೇಜ್ ಇಳಿದಾಗ ಸಾಮಾನ್ಯವಾಗಿ ಕರೆಂಟನ್ನು ಜಾಸ್ತಿ ಎಳೆಯುತ್ತದೆ, ವೈಂಡಿಂಗ್ ಸುಡುವುದೂ ಹೀಗೆಯೇ.