ಬೈಪಾಸ್ ಆದ ಮೇಲೆ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಡಿ
ಬಾಗಲಕೋಟೆಯ ಅಕ್ಕಾ, ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸಲು ಹೊಟ್ಟೆಯನ್ನು ಪುಟ್ಟದಾಗಿಸಿ ಕರುಳಿಗೆ ಜೋಡಿಸುವ ಆಪರೇಷನ್) ಆಗಿ ಎಂಟು ತಿಂಗಳಾಯಿತು, ಆರಾಮಾಗಿದ್ದೇನೆ, ಕ್ಯಾಲ್ಸಿಯಂ ಮಾತ್ರೆ ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬೇಡಿ. ಕ್ಯಾಲ್ಸಿಯಂ ಚೆನ್ನಾಗಿ ಹೀರುವುದು ಸಣ್ಣ ಕರುಳಿನ ಮೊದಲ ಭಾಗ. ಬೈಪಾಸ್ ಆದವರಲ್ಲಿ ಊಟ ಅದನ್ನೇ ತಪ್ಪಿಸಿ ಹೋಗುತ್ತದೆ. ರಕ್ತಕ್ಕೆ ಸಾಲದಿದ್ದರೆ ದೇಹ ಸುಮ್ನೆ ಕೂರುವುದಿಲ್ಲ, ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಹಾಗಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಿದೆ ಅಂದ ಮಾತ್ರಕ್ಕೆ ನೆಮ್ಮದಿ ಬೇಡ. ವಿಟಮಿನ್ ಡಿ, ಪಿಟಿಎಚ್ (ಮೂಳೆಯಿಂದ ಕ್ಯಾಲ್ಸಿಯಂ ಎಳೆಸುವ ಹಾರ್ಮೋನ್) ಎರಡನ್ನೂ ನೋಡಿಸಿ.

ಯಾವ ಮಾತ್ರೆ ಅನ್ನುವುದೂ ಮುಖ್ಯ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಕರಗಲು ಹೊಟ್ಟೆಯ ಆಮ್ಲ ಬೇಕು. ನಿಮ್ಮ ಪುಟ್ಟ ಹೊಟ್ಟೆಯಲ್ಲಿ ಅದೇ ಕಡಿಮೆ, ಅಲ್ವಾ? ಡಾಕ್ಟರ್ ಹತ್ತಿರ ಅಷ್ಟು ಆಮ್ಲ ಬೇಡದ ಕ್ಯಾಲ್ಸಿಯಂ ಸಿಟ್ರೇಟ್ ಬಗ್ಗೆ ಕೇಳಿ. ಸಾಮಾನ್ಯವಾಗಿ ದಿನಕ್ಕೆ 1200ರಿಂದ 1500 ಮಿ.ಗ್ರಾಂ ಹೇಳುತ್ತಾರೆ. ಒಂದೇ ಸಲ ನುಂಗಿದರೆ ಹಿಡಿಯುವುದಿಲ್ಲ, 500ರಂತೆ ಹಂಚಿಕೊಳ್ಳಿ. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ತಾಸು ಅಂತರ ಇರಲಿ.

ವಿಟಮಿನ್ ಡಿ ಕೊಡುವ ಬಿಸಿಲು ನಮ್ಮ ಕಡೆ ಬೇಕಾದಷ್ಟಿದೆ, ಆದರೆ ತಲೆತುಂಬ ಸೆರಗು ಹೊದ್ದರೆ ಚರ್ಮಕ್ಕೆ ತಾಗಬೇಕಲ್ಲ! ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮೊಸರು ಧಾರಾಳ ತಿನ್ನಿ, ಮಾತ್ರೆ ಬದಲಿಗಲ್ಲ ಅಷ್ಟೇ. ವಾಕಿಂಗ್ ಜೊತೆ ಸ್ವಲ್ಪ ಭಾರ ಎತ್ತುವುದನ್ನೂ ರೂಢಿಸಿಕೊಳ್ಳಿ. ಆಪರೇಷನ್ ಆಗಿ ಎರಡು ವರ್ಷ ತುಂಬಿದಾಗ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ.